ಗೇಮಿಂಗ್ ಲ್ಯಾಪ್‌ಟಾಪ್‌ಗೆ ಪವರ್ ಬ್ಯಾಂಕ್: ಯಾವುದು ತಗೋಬೇಕು, ಪ್ರಯಾಣದಲ್ಲಿ ಹೇಗೆ ಬಳಸಬೇಕು

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ದೊಡ್ಡ ಪವರ್ ಬ್ಯಾಂಕ್ ಒಂದು ಇದ್ದರೆ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ ಎರಡು ರಾತ್ರಿ ಕಳೆದು ದೆಹಲಿ ಸೇರುವವರೆಗೂ ಗೇಮ್ ಆಡುತ್ತಾ ಹೋಗಬಹುದು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಆಗೋದಿಲ್ಲ. ಫುಲ್ ಸೆಟ್ಟಿಂಗ್‌ನಲ್ಲಿ ಆಡಿದರೆ ಒಂದು ಗಂಟೆ ದಾಟಿದರೆ ಹೆಚ್ಚು. ಆದರೆ ಸ್ವಲ್ಪ ಲೆಕ್ಕ ಹಾಕಿ ಬಳಸಿದರೆ ಅದೇ ಬ್ಯಾಂಕ್‌ನಲ್ಲಿ ಮೂರು ಗಂಟೆ ಆರಾಮಾಗಿ ಆಡಬಹುದು.

ಲೆಕ್ಕ ಅಂದರೆ ವ್ಯಾಟ್-ಅವರ್ ಲೆಕ್ಕ, ಬ್ಯಾಂಕ್‌ನಲ್ಲಿ ಒಟ್ಟು ಎಷ್ಟು ಶಕ್ತಿ ಹಿಡಿಸುತ್ತದೆ ಅನ್ನೋ ಅಳತೆ. ಅಂಗಡಿಯವರು, ಆನ್‌ಲೈನ್ ಜಾಹೀರಾತಿನವರು ಎಲ್ಲರೂ ಎಂಎಎಚ್ (ಮಿಲಿಆಂಪ್-ಅವರ್) ಹೇಳುತ್ತಾರೆ. 20,000, 27,000, 50,000 ಅಂತ. ಅದು ಒಳಗಿರುವ ಸೆಲ್‌ಗಳ 3.7 ವೋಲ್ಟ್‌ಗೆ ಹೇಳಿದ ಅಂಕಿ. ನಿಮ್ಮ ಲ್ಯಾಪ್‌ಟಾಪ್ ಕೇಳೋದು 20 ವೋಲ್ಟ್. ಹಾಗಾಗಿ ಎಂಎಎಚ್ ಅನ್ನು 3.7ರಿಂದ ಗುಣಿಸಿ 1000ದಿಂದ ಭಾಗಿಸಿ. 20,000 ಅಂದರೆ 74 ವ್ಯಾಟ್-ಅವರ್. 27,000 ಅಂದರೆ 99.9. ಇಷ್ಟೂ ಲ್ಯಾಪ್‌ಟಾಪ್‌ಗೆ ಬರೋದಿಲ್ಲ, ವೋಲ್ಟೇಜ್ ಏರಿಸುವಾಗ ನೂರಕ್ಕೆ ಹದಿನೈದರಷ್ಟು ಶಾಖವಾಗಿ ಹೋಗುತ್ತದೆ ಅಂತ ಇಟ್ಟುಕೊಳ್ಳಿ. 100ರ ಬ್ಯಾಂಕ್‌ನಿಂದ ಕೈಗೆ ಸಿಗೋದು 85ರ ಆಸುಪಾಸು.

ಈಗ ಖರ್ಚಿನ ಕಡೆ ನೋಡಿ. ಗೇಮಿಂಗ್ ಲ್ಯಾಪ್‌ಟಾಪ್ ಜೊತೆ ಬರುವ ಇಟ್ಟಿಗೆಯಂಥ ಅಡಾಪ್ಟರ್ 180, 230, ಕೆಲವಕ್ಕೆ 330 ವ್ಯಾಟ್‌ನದು. ಭಾರೀ ಗೇಮ್ ಓಡುವಾಗ ಲ್ಯಾಪ್‌ಟಾಪ್ 150 ವ್ಯಾಟ್ ಎಳೆಯೋದು ಸಾಮಾನ್ಯ. 85ನ್ನು 150ರಿಂದ ಭಾಗಿಸಿ. ಅರ್ಧ ಗಂಟೆ ಸ್ವಲ್ಪ ದಾಟುತ್ತದೆ, ಅಷ್ಟೇ. ಅದೇ ಲ್ಯಾಪ್‌ಟಾಪ್‌ನಲ್ಲಿ ಗ್ರಾಫಿಕ್ಸ್ ಕಾರ್ಡ್ ಆಫ್ ಮಾಡಿ ಹಗುರವಾದ ಗೇಮ್ ಆಡಿದರೆ 25–30 ವ್ಯಾಟ್ ಸಾಕು. ಅದೇ 85ರಲ್ಲಿ ಆಗ ಹತ್ತಿರ ಹತ್ತಿರ ಮೂರು ಗಂಟೆ.

ನಿಮ್ಮ ಲ್ಯಾಪ್‌ಟಾಪ್ ಟೈಪ್-ಸಿಯಲ್ಲಿ ಚಾರ್ಜ್ ಆಗುತ್ತಾ?

ಬ್ಯಾಂಕ್ ಕೊಳ್ಳುವ ಮೊದಲು ನೋಡಬೇಕಾದ್ದು ಇದು. ಟೈಪ್-ಸಿ ಕಿಂಡಿ ಇದೆ ಅಂದ ಮಾತ್ರಕ್ಕೆ ಚಾರ್ಜ್ ಆಗುತ್ತದೆ ಅಂತಲ್ಲ. ಕಡಿಮೆ ಬೆಲೆಯ ಎಷ್ಟೋ ಗೇಮಿಂಗ್ ಮಾಡೆಲ್‌ಗಳಲ್ಲಿ ಆ ಕಿಂಡಿ ಬರೀ ಡೇಟಾಗೆ, ಅಥವಾ ಹೊರಗಿನ ಮಾನಿಟರ್‌ಗೆ. ಕಂಪನಿಯ ಸ್ಪೆಸಿಫಿಕೇಶನ್ ಪುಟದಲ್ಲಿ ನಿಮ್ಮದೇ ಮಾಡೆಲ್ ನಂಬರ್ ಹಾಕಿ 'ಪವರ್ ಡೆಲಿವರಿ' (ಟೈಪ್-ಸಿ ಮೂಲಕ ಹೆಚ್ಚು ಶಕ್ತಿ ಕೊಡುವ ವ್ಯವಸ್ಥೆ, ಚಿಕ್ಕದಾಗಿ ಪಿಡಿ) ಎಂದು ಬರೆದಿದೆಯಾ, ಎಷ್ಟು ವ್ಯಾಟ್ ಅಂತ ಇದೆಯಾ ನೋಡಿ. ಎರಡು ಟೈಪ್-ಸಿ ಇದ್ದರೆ ಒಂದರಲ್ಲಿ ಮಾತ್ರ ಚಾರ್ಜ್ ಆಗುವ ಮಾಡೆಲ್‌ಗಳೂ ಇವೆ. ಅದೇ ಹೆಸರಿನ, ಒಂದೇ ವರ್ಷದ ಎರಡು ಮಾಡೆಲ್‌ಗಳಲ್ಲೂ ವ್ಯತ್ಯಾಸ ಇರುತ್ತದೆ, ಆದ್ದರಿಂದ ಗೆಳೆಯನ ಲ್ಯಾಪ್‌ಟಾಪ್ ನೋಡಿ ತೀರ್ಮಾನ ಮಾಡಬೇಡಿ.

ಬೆಂಬಲ ಇದ್ದರೆ ಸಾಮಾನ್ಯವಾಗಿ 100 ವ್ಯಾಟ್. 2021ರಲ್ಲಿ ಬಂದ ಪಿಡಿ 3.1ರಲ್ಲಿ 240 ವ್ಯಾಟ್‌ವರೆಗೂ ದಾರಿ ಇದೆ. ಆದರೆ ಪವರ್ ಬ್ಯಾಂಕ್‌ಗಳು ಒಂದು ಕಿಂಡಿಯಿಂದ ಹೆಚ್ಚಾಗಿ 100, ದುಬಾರಿ ಆದರೆ 140 ವ್ಯಾಟ್ ಕೊಡುತ್ತವೆ. ಡಬ್ಬಿ ಮೇಲೆ ದಪ್ಪ ಅಕ್ಷರದಲ್ಲಿ 200 ವ್ಯಾಟ್ ಅಂತ ಇದ್ದರೆ ಅದು ಎಲ್ಲಾ ಕಿಂಡಿಗಳೂ ಸೇರಿದ ಮೊತ್ತ ಇರಬಹುದು. ಹಿಂಬದಿಯ ಸಣ್ಣ ಅಕ್ಷರ ಓದಿ. 'ಟೈಪ್-ಸಿ 1' ಎದುರು 20 ವೋಲ್ಟ್, 5 ಆಂಪ್ ಎಂದಿದ್ದರೆ ಅದು ನಿಜವಾದ 100. ಇನ್ನೊಂದು ವಿಷಯ, ಲ್ಯಾಪ್‌ಟಾಪ್ ಜೊತೆಗೆ ಫೋನನ್ನೂ ಅದೇ ಬ್ಯಾಂಕ್‌ಗೆ ಸಿಕ್ಕಿಸಿದರೆ ಹಲವು ಬ್ಯಾಂಕ್‌ಗಳು ಶಕ್ತಿಯನ್ನು ಹಂಚಿಬಿಡುತ್ತವೆ. 100 ಬರುತ್ತಿದ್ದದ್ದು 65ಕ್ಕೆ ಇಳಿಯುತ್ತದೆ, ಲ್ಯಾಪ್‌ಟಾಪ್ 'ಸ್ಲೋ ಚಾರ್ಜರ್' ಅಂತ ಗೊಣಗಲು ಶುರುಮಾಡುತ್ತದೆ.

ಕೇಬಲ್ ಬಗ್ಗೆ ಯಾರೂ ತಲೆಕೆಡಿಸಿಕೊಳ್ಳೋದಿಲ್ಲ, ಆದರೆ ಅರ್ಧ ತೊಂದರೆ ಅಲ್ಲೇ ಇರುತ್ತದೆ. ಫೋನ್ ಜೊತೆ ಬಂದ ಸಿ-ಟು-ಸಿ ಕೇಬಲ್ ಸಾಮಾನ್ಯವಾಗಿ 3 ಆಂಪ್‌ನದು, ಅಂದರೆ 60 ವ್ಯಾಟ್‌ಗೆ ನಿಲ್ಲುತ್ತದೆ. 100 ಬೇಕಿದ್ದರೆ 5 ಆಂಪ್ ಕೇಬಲ್ ಬೇಕು. ಅದರ ತುದಿಯಲ್ಲಿ ಇ-ಮಾರ್ಕರ್ ಅನ್ನೋ ಪುಟ್ಟ ಚಿಪ್ ಇರುತ್ತದೆ, ಅದು ಸಿಗದಿದ್ದರೆ ಬ್ಯಾಂಕ್ 3 ಆಂಪ್ ಮೇಲೆ ಕೊಡೋದೇ ಇಲ್ಲ. ಈಗ 240 ವ್ಯಾಟ್ ಅಂತ ಬರೆದ ಕೇಬಲ್‌ಗಳು ಸಿಗುತ್ತವೆ, ಅದನ್ನೇ ಒಂದು ತಗೊಂಡು ಬಿಡಿ.

ದುಂಡು ಪಿನ್ನಿನ ಹಳೇ ಲ್ಯಾಪ್‌ಟಾಪ್ ಇರುವವರಿಗೆ ಟೈಪ್-ಸಿಯಿಂದ ಡಿಸಿ ಪಿನ್‌ಗೆ ಬದಲಾಯಿಸುವ ಕೇಬಲ್‌ಗಳು ಮಾರುಕಟ್ಟೆಯಲ್ಲಿವೆ. ನನಗೆ ಅವು ಅಷ್ಟಾಗಿ ಇಷ್ಟ ಇಲ್ಲ. ಕಾರಣ ಇಷ್ಟೇ: ತನ್ನ ಹಿಂದೆ 180 ವ್ಯಾಟ್ ಅಡಾಪ್ಟರ್ ಇದೆ ಅಂದುಕೊಂಡು ಲ್ಯಾಪ್‌ಟಾಪ್ ಅಷ್ಟನ್ನೂ ಎಳೆಯಲು ಹೋಗುತ್ತದೆ, ಬ್ಯಾಂಕ್ 100 ದಾಟಿದ ಕೂಡಲೇ ತನ್ನ ರಕ್ಷಣೆಗೆ ತಾನೇ ಆಫ್ ಆಗುತ್ತದೆ, ಮತ್ತೆ ಆನ್, ಮತ್ತೆ ಆಫ್. ಕೆಲವು ಕಂಪನಿಗಳ ಪಿನ್ನಿನಲ್ಲಿ ಅಡಾಪ್ಟರ್ ಗುರುತು ಹಿಡಿಯುವ ತಂತಿ ಬೇರೆ ಇರುತ್ತದೆ, ಗುರುತು ಸಿಗದಿದ್ದರೆ ಚಾರ್ಜೇ ಆಗೋದಿಲ್ಲ. ಬಳಸಲೇಬೇಕು ಅಂದರೆ ಲ್ಯಾಪ್‌ಟಾಪ್ ಪೂರ್ತಿ ಶಟ್‌ಡೌನ್ ಮಾಡಿ ಚಾರ್ಜ್ ಮಾಡಿ.

ಆಡುವಾಗ ಅಲ್ಲ, ಆಡಿ ಮುಗಿದ ಮೇಲೆ

ನನ್ನ ಪ್ರಕಾರ ಬ್ಯಾಂಕ್ ಬಳಸುವ ಸರಿಯಾದ ಕ್ರಮ ಇದು. ಮೊದಲು ಲ್ಯಾಪ್‌ಟಾಪ್‌ನ ಸ್ವಂತ ಬ್ಯಾಟರಿಯಲ್ಲಿ ಆಡಿ. 20–25 ಪರ್ಸೆಂಟ್‌ಗೆ ಬಂದಾಗ ಗೇಮ್ ಮುಚ್ಚಿ, ಶಟ್‌ಡೌನ್ ಮಾಡಿ, ಆಮೇಲೆ ಬ್ಯಾಂಕ್ ಸಿಕ್ಕಿಸಿ. ಊಟ, ಟೀ, ನಿದ್ದೆಯ ಹೊತ್ತಿಗೆ ಅದು ತುಂಬಿಕೊಳ್ಳಲಿ. ಗೇಮ್ ಓಡುತ್ತಿರುವಾಗಲೇ ಸಿಕ್ಕಿಸಿದರೆ ಆಗೋದು ಏನು ಅಂದರೆ, ಬ್ಯಾಂಕ್‌ನ ಪರದೆ ಮೇಲೆ 97 ವ್ಯಾಟ್ ಹೋಗುತ್ತಿದೆ ಅಂತ ತೋರಿಸುತ್ತಿರುತ್ತದೆ, ಆದರೂ ಲ್ಯಾಪ್‌ಟಾಪ್‌ನ ಪರ್ಸೆಂಟ್ ಇಳಿಯುತ್ತಲೇ ಇರುತ್ತದೆ, ಯಾಕಂದರೆ ಗೇಮ್ 130 ಕೇಳುತ್ತಿದೆ, ಕೊರತೆ ಬಿದ್ದ 33ನ್ನು ಒಳಗಿನ ಬ್ಯಾಟರಿಯಿಂದ ಎಳೆಯುತ್ತಿದೆ. ಎರಡೂ ಒಟ್ಟಿಗೆ ಬಿಸಿಯಾಗುತ್ತವೆ. ಬ್ಯಾಂಕ್ ಒಂದು ಗಂಟೆಯೊಳಗೆ ಖಾಲಿ.

ಸ್ಲೀಪ್‌ನಲ್ಲಿ ಬಿಟ್ಟು ಚಾರ್ಜ್ ಮಾಡುವ ಅಭ್ಯಾಸ ಇದ್ದರೆ ಬಿಡಿ. ಈಗಿನ ವಿಂಡೋಸ್ ಲ್ಯಾಪ್‌ಟಾಪ್‌ಗಳು ಸ್ಲೀಪ್‌ನಲ್ಲಿದ್ದಾಗಲೂ ಮಧ್ಯೆ ಎದ್ದು ಅಪ್‌ಡೇಟ್ ನೋಡುತ್ತವೆ. ಅದು ಬ್ಯಾಗ್ ಒಳಗೆ ನಡೆದರೆ ಲ್ಯಾಪ್‌ಟಾಪ್ ಮುಟ್ಟಲಾಗದಷ್ಟು ಕಾದಿರುತ್ತದೆ. ಶಟ್‌ಡೌನ್, ಇಲ್ಲವೇ ಹೈಬರ್ನೇಟ್.

ಆಡುವಾಗ ಖರ್ಚು ಇಳಿಸೋದು ಹೇಗೆ? ಫ್ರೇಮ್‌ರೇಟನ್ನು, ಅಂದರೆ ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆಯನ್ನು, 30 ಅಥವಾ 40ಕ್ಕೆ ಕಟ್ಟಿಹಾಕಿ. ಎಲ್ಲಕ್ಕಿಂತ ಜಾಸ್ತಿ ಉಳಿತಾಯ ಇದರಲ್ಲೇ. ಎನ್‌ವಿಡಿಯಾದ 'ಬ್ಯಾಟರಿ ಬೂಸ್ಟ್' ಇದನ್ನೇ ತಾನಾಗಿ ಮಾಡುತ್ತದೆ. ಪರದೆಯ 144 ಅಥವಾ 165 ಹರ್ಟ್ಸ್ ಅನ್ನು 60ಕ್ಕೆ ಇಳಿಸಿ, ಕೀಬೋರ್ಡ್‌ನ ಬಣ್ಣದ ಲೈಟ್ ಆರಿಸಿ, ಬ್ರೈಟ್‌ನೆಸ್ ಅರ್ಧ ಮಾಡಿ. ಹಗುರವಾದ ಗೇಮ್ ಆದರೆ ಲ್ಯಾಪ್‌ಟಾಪ್ ಕಂಪನಿಯ ಆ್ಯಪ್‌ನಲ್ಲಿ, ಅಂದರೆ ಏಸಸ್‌ನಲ್ಲಿ ಆರ್ಮರಿ ಕ್ರೇಟ್, ಲೆನೊವೊದಲ್ಲಿ ವಾಂಟೇಜ್ ಇತ್ಯಾದಿ, ದೊಡ್ಡ ಗ್ರಾಫಿಕ್ಸ್ ಕಾರ್ಡನ್ನೇ ಆಫ್ ಮಾಡುವ ಆಯ್ಕೆ ನೋಡಿ. ಸ್ಟಾರ್ಡ್ಯೂ ವ್ಯಾಲಿ ಥರದ ಗೇಮ್‌ಗೆ ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್ ಧಾರಾಳವಾಯಿತು. ವಾಲೊರಂಟ್‌ನಂಥ ಆನ್‌ಲೈನ್ ಗೇಮ್ ಆಡೋಣ ಅಂದುಕೊಂಡವರಿಗೆ ಒಂದು ಮಾತು: ಬ್ಯಾಟರಿ ಆಮೇಲೆ, ಮೊದಲು ಸಕಲೇಶಪುರ–ಸುಬ್ರಹ್ಮಣ್ಯ ಘಾಟ್‌ನಲ್ಲಿ ನೆಟ್‌ವರ್ಕ್ ಸಿಗಲಿ!

ರೈಲು, ಬಸ್ಸು, ಕಾರು

ರೈಲಿನ ಎಷ್ಟೋ ಬೋಗಿಗಳಲ್ಲಿ ಪ್ಲಗ್ ಪಾಯಿಂಟ್ 110 ವೋಲ್ಟ್‌ನದು. ಅಡಾಪ್ಟರ್ ಮೇಲೆ ಇನ್‌ಪುಟ್ 100–240 ಅಂತ ಇದ್ದರೆ ಆ ವೋಲ್ಟೇಜ್ ತೊಂದರೆ ಇಲ್ಲ. ಆದರೆ ಆ ಪಾಯಿಂಟ್ ಫೋನಿಗೆ, ಸಾಮಾನ್ಯ ಲ್ಯಾಪ್‌ಟಾಪ್‌ಗೆ ಅಂತ ಕೊಟ್ಟದ್ದು. ಅಲ್ಲಿಗೆ 330 ವ್ಯಾಟ್‌ನ ಇಟ್ಟಿಗೆ ನೇತುಹಾಕಿ ಗೇಮ್ ಓಡಿಸೋದು ಬೇಡ. ಬದಲಿಗೆ 65 ಅಥವಾ 100 ವ್ಯಾಟ್‌ನ ಚಿಕ್ಕ ಗ್ಯಾನ್ (ಗ್ಯಾಲಿಯಂ ನೈಟ್ರೈಡ್) ಚಾರ್ಜರ್ ಒಯ್ಯಿರಿ. ಹಗಲು ಪಾಯಿಂಟ್ ಖಾಲಿ ಸಿಕ್ಕಾಗ ಬ್ಯಾಂಕ್ ತುಂಬಿಸಿಕೊಳ್ಳಿ. 65 ವ್ಯಾಟ್ ತೆಗೆದುಕೊಳ್ಳುವ 100 ವ್ಯಾಟ್-ಅವರ್‌ನ ಬ್ಯಾಂಕ್ ಎರಡು ಗಂಟೆ ಚಿಲ್ಲರೆಯಲ್ಲಿ ತುಂಬುತ್ತದೆ, ಫೋನಿನ ಹಳೇ 18 ವ್ಯಾಟ್ ಚಾರ್ಜರ್ ಹಾಕಿದರೆ ಆರು ಗಂಟೆ ಮೇಲೆ. ರಾತ್ರಿ ತುಂಬಿಸಿದರಾಯಿತು ಅಂತ ಬಿಡಬೇಡಿ, 11ರಿಂದ ಬೆಳಗಿನ 5ರವರೆಗೆ ಪಾಯಿಂಟ್‌ಗಳಿಗೆ ಕರೆಂಟ್ ಕೊಡಬಾರದು ಅಂತ 2021ರಿಂದ ರೈಲ್ವೆಯಲ್ಲಿ ನಿಯಮ ಇದೆ.

ಬಸ್ಸಿನ ಸೀಟಿನ ಪಕ್ಕದ ಯುಎಸ್‌ಬಿ ಕಿಂಡಿ ಫೋನಿಗಷ್ಟೇ. ಕಾರಿನಲ್ಲಾದರೆ ಪರಿಸ್ಥಿತಿ ಬೇರೆ. 12 ವೋಲ್ಟ್ ಸಾಕೆಟ್‌ನಿಂದ 120 ವ್ಯಾಟ್‌ವರೆಗೆ ಸಾಮಾನ್ಯವಾಗಿ ಸಿಗುತ್ತದೆ, 100 ವ್ಯಾಟ್‌ನ ಪಿಡಿ ಕಾರ್ ಚಾರ್ಜರ್ ಹಾಕಿದರೆ ಪವರ್ ಬ್ಯಾಂಕೇ ಬೇಕಿಲ್ಲ. ಎಂಜಿನ್ ಓಡುತ್ತಿರಲಿ, ಇಲ್ಲದಿದ್ದರೆ ಕಾರಿನ ಬ್ಯಾಟರಿ ಕೂರುತ್ತದೆ.

ಮಳೆಗಾಲದಲ್ಲಿ ಕೊಡಗು, ಚಿಕ್ಕಮಗಳೂರು ಕಡೆ ಹೋಮ್‌ಸ್ಟೇಗೆ ಹೋಗಿ ಕರೆಂಟ್ ಹೋದರೂ ಆಡಬೇಕು ಅನ್ನುವವರಿಗೆ ಸರಿಯಾದ ಸಾಧನ ಪವರ್ ಸ್ಟೇಷನ್, ಅಂದರೆ ಪ್ಲಗ್ ಇರುವ ದೊಡ್ಡ ಬ್ಯಾಟರಿ ಪೆಟ್ಟಿಗೆ. 250 ವ್ಯಾಟ್-ಅವರ್‌ನದು ಮೂರು ಮೂರೂವರೆ ಕಿಲೋ ತೂಗುತ್ತದೆ, ಮನೆಯಂಥದ್ದೇ ಪ್ಲಗ್ ಇರುತ್ತದೆ, ನಿಮ್ಮ ಒರಿಜಿನಲ್ ಅಡಾಪ್ಟರನ್ನೇ ಸಿಕ್ಕಿಸಬಹುದು. 150 ವ್ಯಾಟ್ ಗೇಮ್ ಒಂದೂಕಾಲು ಗಂಟೆ ಓಡುತ್ತದೆ. ಅದರ ಎಸಿ ಔಟ್‌ಪುಟ್ ನಿಮ್ಮ ಅಡಾಪ್ಟರ್‌ನ ವ್ಯಾಟ್‌ಗಿಂತ ಹೆಚ್ಚಿರಲಿ, 'ಪ್ಯೂರ್ ಸೈನ್ ವೇವ್' (ಮನೆಯ ಕರೆಂಟಿನಂಥದ್ದೇ ನಯವಾದ ಎಸಿ) ಇರಲಿ. ಕಾರಿದ್ದವರಿಗೆ ಮಾತ್ರ ಇದು. ಹೊತ್ತುಕೊಂಡು ತಿರುಗುವ ವಸ್ತು ಅಲ್ಲ, ವಿಮಾನಕ್ಕೆ ಅಂತೂ ಬಿಡೋದೇ ಇಲ್ಲ.

ವಿಮಾನದಲ್ಲಿ

ಇಲ್ಲಿ ತಮಾಷೆ ನಡೆಯೋದಿಲ್ಲ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಲಗೇಜಿಗೆ ಹಾಕುವಂತಿಲ್ಲ. 100 ವ್ಯಾಟ್-ಅವರ್‌ವರೆಗೆ ಸಾಮಾನ್ಯವಾಗಿ ಬಿಡುತ್ತಾರೆ, 100ರಿಂದ 160ರವರೆಗೆ ಏರ್‌ಲೈನ್‌ನ ಒಪ್ಪಿಗೆ ಬೇಕು, 160 ದಾಟಿದರೆ ಇಲ್ಲ. ಮಾರುಕಟ್ಟೆಯಲ್ಲಿ 27,000 ಎಂಎಎಚ್‌ನ ಬ್ಯಾಂಕ್‌ಗಳು ಇಷ್ಟೊಂದು ಇರುವುದು ಈ 100ರ ಗೆರೆಗಾಗಿಯೇ. ವ್ಯಾಟ್-ಅವರ್ ಅಂಕಿ ಬ್ಯಾಂಕ್ ಮೇಲೆ ಓದುವಂತೆ ಇರಬೇಕು. ಅಕ್ಷರ ಅಳಿಸಿಹೋಗಿದ್ದರೆ ಸೆಕ್ಯೂರಿಟಿಯವರು ತೆಗೆದಿಟ್ಟುಕೊಂಡರೂ ನೀವು ವಾದ ಮಾಡೋಕಾಗಲ್ಲ.

2025ರ ಜನವರಿ 28ರಂದು ದಕ್ಷಿಣ ಕೊರಿಯಾದ ಗಿಮ್ಹೇ ವಿಮಾನ ನಿಲ್ದಾಣದಲ್ಲಿ ಏರ್ ಬೂಸಾನ್ ವಿಮಾನ ಹೊರಡುವ ಮುಂಚೆಯೇ ಹೊತ್ತಿಕೊಂಡಿತು. ಒಳಗಿದ್ದವರೆಲ್ಲ ಬದುಕಿ ಹೊರಬಂದರು, ವಿಮಾನ ಸುಟ್ಟುಹೋಯಿತು. ತಲೆಯ ಮೇಲಿನ ಲಗೇಜ್ ಜಾಗದಲ್ಲಿದ್ದ ಪವರ್ ಬ್ಯಾಂಕೇ ಕಾರಣ ಇರಬೇಕು ಎಂದು ತನಿಖೆಯವರು ಹೇಳಿದರು. ಅಲ್ಲಿಂದ ಒಂದೊಂದೇ ದೇಶ, ಒಂದೊಂದೇ ಏರ್‌ಲೈನ್ ಬಿಗಿ ಮಾಡಿದವು. ದುಬೈಗೆ ಹೋಗಿಬರುವವರು ಗಮನಿಸಿ: ಎಮಿರೇಟ್ಸ್‌ನಲ್ಲಿ 2025ರ ಅಕ್ಟೋಬರ್ 1ರಿಂದ ಒಬ್ಬರಿಗೆ ಒಂದೇ ಬ್ಯಾಂಕ್, ಅದೂ 100 ವ್ಯಾಟ್-ಅವರ್ ಒಳಗಿನದು, ವಿಮಾನದೊಳಗೆ ಬಳಸುವಂತಿಲ್ಲ. ಸಿಂಗಾಪುರ್ ಏರ್‌ಲೈನ್ಸ್ ಕೂಡ ಒಳಗೆ ಬಳಕೆ ನಿಲ್ಲಿಸಿದೆ. ಚೀನಾದ ಒಳಗೆ ಹಾರುವವರಿಗೆ 2025ರ ಜೂನ್ 28ರಿಂದ ಬ್ಯಾಂಕ್ ಮೇಲೆ ಅವರ '3ಸಿ' ಸುರಕ್ಷತಾ ಗುರುತು ಇರಲೇಬೇಕು. ನಮ್ಮ ವಿಮಾನಯಾನ ನಿಯಂತ್ರಕ ಡಿಜಿಸಿಎ ಸಹ ಬ್ಯಾಂಕನ್ನು ತಲೆಯ ಮೇಲಿನ ಜಾಗದಲ್ಲಿ ಇಡಬೇಡಿ, ಹಾರಾಟದಲ್ಲಿ ಅದರಿಂದ ಚಾರ್ಜ್ ಮಾಡಬೇಡಿ ಅಂತ ಹೇಳಿದೆ. ಹಾಗಾಗಿ ವಿಮಾನದ ಮಟ್ಟಿಗೆ ಬ್ಯಾಂಕ್ ಅನ್ನೋದು ಏರ್‌ಪೋರ್ಟ್‌ನಲ್ಲಿ ಕಾಯುವ ಹೊತ್ತಿಗೆ, ಅಷ್ಟೇ. ಹೊರಡುವ ಹಿಂದಿನ ದಿನ ನಿಮ್ಮ ಏರ್‌ಲೈನ್‌ನ ವೆಬ್‌ಸೈಟ್ ಒಮ್ಮೆ ನೋಡಿ, ನಿಯಮ ಬದಲಾಗುತ್ತಲೇ ಇದೆ.

ಕೊಳ್ಳುವಾಗ ಕೈಯಲ್ಲಿ ಹಿಡಿದು ನೋಡಿ

50,000 ಎಂಎಎಚ್ ಅಂತ ಸಾವಿರ ರೂಪಾಯಿಗೆ ಮಾರುವವರು ಇದ್ದಾರೆ. ಸುಳ್ಳು ಹಿಡಿಯಲು ತೂಕ ಸಾಕು. 18650 ಅನ್ನೋ ದುಂಡು ಲಿಥಿಯಂ ಸೆಲ್ ಒಂದಕ್ಕೆ 45 ಗ್ರಾಂ ಮೇಲೆ ತೂಕ, ಒಳ್ಳೆಯದಾದರೆ ಅದರಲ್ಲಿ 3,000ದಿಂದ 3,500 ಎಂಎಎಚ್. 50,000 ಬರಬೇಕಾದರೆ ಕನಿಷ್ಠ ಹದಿನಾಲ್ಕು ಹದಿನೈದು ಸೆಲ್ ಬೇಕು, ಸೆಲ್‌ಗಳ ತೂಕವೇ ಆರೂವರೆ ನೂರು ಗ್ರಾಂ ದಾಟುತ್ತದೆ. ಕೈಯಲ್ಲಿರೋದು 300 ಗ್ರಾಂ ಇದ್ದರೆ ಉಳಿದದ್ದೆಲ್ಲ ಎಲ್ಲಿ ಹೋಯಿತು? ನಿಜವಾದ 100 ವ್ಯಾಟ್-ಅವರ್ ಬ್ಯಾಂಕ್ ಅರ್ಧ ಕಿಲೋ ಮೇಲೇ ಇರುತ್ತದೆ. ಹಿಂಬದಿಯಲ್ಲಿ ಭಾರತೀಯ ಮಾನಕ ಸಂಸ್ಥೆಯ (ಬಿಐಎಸ್) ಗುರುತು, ಅದರ ಜೊತೆ ಆರ್ ಅಕ್ಷರದ ನೋಂದಣಿ ಸಂಖ್ಯೆ ಇದೆಯಾ ನೋಡಿ.

ಬಳಸುವಾಗ ಹಾಸಿಗೆ, ರಗ್ಗು, ದಿಂಬಿನ ಕೆಳಗೆ ಇಡಬೇಡಿ. ರಾಯಚೂರು, ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಮೇಲಂತೂ ಬೇಡವೇ ಬೇಡ. ತಿಂಗಳುಗಟ್ಟಲೆ ಬಳಸೋದಿಲ್ಲ ಅಂದರೆ ಅರ್ಧ ಚಾರ್ಜ್‌ನಲ್ಲಿ ತಂಪಾದ ಕಡೆ ಇಡಿ. ಬದಿ ಸ್ವಲ್ಪ ಉಬ್ಬಿದ ಹಾಗೆ ಕಂಡರೆ, ಮೇಜಿನ ಮೇಲಿಟ್ಟಾಗ ಅಲ್ಲಾಡಿದರೆ, ಸಿಹಿಯಾದ ರಾಸಾಯನಿಕ ವಾಸನೆ ಬಂದರೆ ಆ ಕ್ಷಣವೇ ಬಳಕೆ ನಿಲ್ಲಿಸಿ. ಚುಚ್ಚೋದು, ಬಿಚ್ಚೋದು ಮಾಡಬೇಡಿ. ಒಣ ಕಸದ ಚೀಲಕ್ಕೂ ಹಾಕಬೇಡಿ, ಕಸದ ಗಾಡಿಯಲ್ಲಿ ಒತ್ತಿದಾಗ ಅಲ್ಲೇ ಹೊತ್ತಿಕೊಳ್ಳಬಹುದು. ಇ-ವೇಸ್ಟ್ ತೆಗೆದುಕೊಳ್ಳುವ ಕಡೆ, ಉಬ್ಬಿದೆ ಅಂತ ಮೊದಲೇ ಹೇಳಿ ಕೊಟ್ಟುಬನ್ನಿ.