ಅಡಿಕೆ ಹಾಳೆಯಲ್ಲಿ ಕಾಫಿ ಲೋಟ ಮಾಡಲು ಹೋದದ್ದು

ತಂಗಿಯ ಮದುವೆ ಆಗಿ ಒಂದು ವರ್ಷ ಕಳೆದ ಮೇಲೆ ಗೊಬ್ಬರದ ಗುಂಡಿ ತೆಗೆದೆವು. ಬಾಳೆಲೆ, ಅಡಿಕೆ ಹಾಳೆಯ ತಟ್ಟೆ ಎಲ್ಲ ಮಣ್ಣಾಗಿತ್ತು. ಕಾಫಿಗೆ ತಂದಿದ್ದ ಪೇಪರ್ ಕಪ್‌ಗಳದ್ದು ಮಾತ್ರ ಕಾಗದ ಕರಗಿ ಹೋಗಿ ಒಳಗಿನ ತೆಳು ಪ್ಲಾಸ್ಟಿಕ್ ಹಾಗೇ ಉಳಿದಿತ್ತು, ಕಪ್ಪಿನ ಆಕಾರದಲ್ಲೇ, ಹಾವು ಬಿಟ್ಟ ಪೊರೆ ಇದ್ದ ಹಾಗೆ. ಗುಂಡಿ ತುಂಬಾ ಅದೇ.

ನನಗೆ ನಾಚಿಕೆ ಆಯಿತು, ಯಾಕೆಂದರೆ ನಾನು ಹಾಳೆ ತಟ್ಟೆ ಮಾಡುವವನು. ಪುತ್ತೂರಿನ ಕಡೆ ನಮ್ಮ ಮನೆ, ಹಿಂದಿನ ಕೊಟ್ಟಿಗೆಯಲ್ಲಿ ಯಂತ್ರ ಉಂಟು. ಊಟಕ್ಕೆ ನಮ್ಮದೇ ತಟ್ಟೆ ಹಾಕಿ ಕಾಫಿಗೆ ಪೇಟೆಯಿಂದ ಪೇಪರ್ ಕಪ್ ತಂದವನೂ ನಾನೇ. 2022ರ ಜುಲೈ 1ರಿಂದ ದೇಶದಲ್ಲಿ ಪ್ಲಾಸ್ಟಿಕ್ ಲೋಟ ನಿಷೇಧ ಆಯಿತಲ್ಲ, ಆಮೇಲೆ ಎಲ್ಲರೂ ಪೇಪರ್ ಕಪ್ಪಿಗೆ ಹೋದರು, ಹೆಸರಲ್ಲಿ ಪೇಪರ್ ಇರುವುದರಿಂದ ಒಳ್ಳೆಯದು ಅಂತ ನಂಬಿಕೆ. ಖರಗ್‌ಪುರದ ಐಐಟಿಯವರು 2020ರಲ್ಲೇ ಹೇಳಿದ್ದರು: 100 ಎಂಎಲ್ ಬಿಸಿ ನೀರು ಇಂಥ ಕಪ್ಪಿನಲ್ಲಿ 15 ನಿಮಿಷ ನಿಂತರೆ ಸುಮಾರು 25,000 ಪ್ಲಾಸ್ಟಿಕ್ ಕಣ ಅದಕ್ಕೆ ಇಳಿಯುತ್ತದೆ ಅಂತ. ಓದಿ ಮರೆತಿದ್ದೆ. ಗುಂಡಿ ನೋಡಿದ ಮೇಲೆ ನೆನಪಾಯಿತು.

ಹಾಳೆ ನಮ್ಮಲ್ಲಿ ಧಾರಾಳ. ಒಂದು ಅಡಿಕೆ ಮರ ವರ್ಷಕ್ಕೆ ಐದಾರು ಸೋಗೆ ಉದುರಿಸುತ್ತದೆ, ಪ್ರತಿಯೊಂದರ ಬುಡದಲ್ಲಿ ಒಂದು ಹಾಳೆ. ಅದರಲ್ಲಿ ಒಂದು ದೊಡ್ಡ ತಟ್ಟೆ ಒತ್ತಿದ ಮೇಲೆ ತುದಿಯ ಕಡೆ ಒಂದಿಷ್ಟು ತುಂಡು ಉಳಿಯುತ್ತದೆ, ಅದು ಒಲೆಗೆ ಹೋಗುತ್ತಿತ್ತು. ಆ ತುಂಡಿನಲ್ಲಿ ಲೋಟ ಒತ್ತಿದರೆ ಮಾಲು ಪುಕ್ಕಟೆ. ಲೆಕ್ಕ ಚೆನ್ನಾಗಿತ್ತು.

ಒಂದು ಲೇತ್ ಅಂಗಡಿಗೆ ಹೋಗಿ ಪೇಪರ್ ಕಪ್ ತೋರಿಸಿ, ಇದೇ ಆಕಾರಕ್ಕೆ ಅಚ್ಚು ಮಾಡಿಕೊಡಿ ಎಂದೆ. ನನ್ನ ಮೊದಲ ತಪ್ಪು ಅದೇ. ಅವರು ಹೇಳಿದ್ದನ್ನು ಸರಿಯಾಗಿಯೇ ಮಾಡಿಕೊಟ್ಟರು. ಹಾಳೆ ನೆನೆಸಿ, ಉಜ್ಜಿ ತೊಳೆದು, ಅಚ್ಚು ಬಿಸಿ ಮಾಡಿ ಒತ್ತಿದೆ. ಟಪ್ ಅಂತ ಶಬ್ದ. ತೆಗೆದು ನೋಡಿದರೆ ತಳ ಒಂದು ಕಡೆ, ಗೋಡೆ ಒಂದು ಕಡೆ. ಹಾಳೆಯ ನಾರು ಉದ್ದಕ್ಕೆ ಓಡುತ್ತದೆ. ಆ ದಿಕ್ಕಿಗೆ ಎಳೆದರೆ ಅದು ಒಂಚೂರೂ ಜಗ್ಗುವುದಿಲ್ಲ, ಅಡ್ಡಕ್ಕೆ ಎಳೆದರೆ ನಾರಿನ ಸಾಲಿನಲ್ಲೇ ಸೀಳುತ್ತದೆ. ತಟ್ಟೆಗೆ ಇದು ತೊಂದರೆ ಅಲ್ಲ, ತಟ್ಟೆಗೆ ಆಳ ಎಲ್ಲಿದೆ? ಹೆಚ್ಚು ಹೊತ್ತು ನೆನೆಸಿ ನೋಡಿದೆ, ಬಿಸಿ ಜಾಸ್ತಿ ಮಾಡಿ ನೋಡಿದೆ, ನಿಧಾನಕ್ಕೆ ಒತ್ತಿ ನೋಡಿದೆ. ನೆನೆಸಿದ್ದು ಹೆಚ್ಚಾದರೆ ಹಬೆ ಒಳಗೇ ಸಿಕ್ಕಿ ಪದರ ಬಿಡುತ್ತದೆ. ಬಿಸಿ ಹೆಚ್ಚಾದರೆ ಕಂದು ಕಲೆ, ಸುಟ್ಟ ವಾಸನೆ. ಒಂದು ವಾರದಲ್ಲಿ ಎರಡು ಗೋಣಿ ಚೂರು ಆಯಿತು.

ಅಮ್ಮ ಬಂದು ನೋಡಿ, "ಮುಟ್ಟಾಳೆ ಕಟ್ಟುವವರು ಹಾಳೆ ಎಳೀತಾರಾ? ಮಡಿಸ್ತಾರೆ ಅಲ್ವಾ" ಎಂದರು. ಮುಟ್ಟಾಳೆ ಅಂದರೆ ನಮ್ಮ ಕಡೆ ತೋಟದ ಕೆಲಸಕ್ಕೆ ಹಾಕುವ ಹಾಳೆ ಟೊಪ್ಪಿ. ಸರಿ, ಮಡಿಸಿದೆ. ನಾಲ್ಕು ಮೂಲೆ ಮಡಿಸಿ ತೆಂಗಿನ ಗರಿಯ ಈರ್ಕಿಲ ಕಡ್ಡಿ ಚುಚ್ಚಿದ ಲೋಟ ಒಂದು ತೊಟ್ಟೂ ಸೋರಲಿಲ್ಲ. ಆದರೆ ಒಂದಕ್ಕೆ ಐದು ನಿಮಿಷ ಹಿಡಿಯಿತು, ಕುಡಿಯುವಾಗ ಕಡ್ಡಿ ಮೂಗಿಗೆ ತಾಗುತ್ತದೆ. ಮದುವೆಗೆ 800 ಲೋಟ ಮಡಿಸುತ್ತಾ ಕೂತರೆ ಮದುಮಗಳಿಗೆ ಮಗು ಆಗಿರುತ್ತದೆ.

ಆಮೇಲೆ ಪೇಪರ್ ಕಪ್ಪನ್ನು ಮರೆತು ಹಾಳೆ ಎಷ್ಟು ಆಳಕ್ಕೆ ಒಪ್ಪುತ್ತದೆ ಅಂತ ನೋಡಲು ಶುರು ಮಾಡಿದೆ. ಬಾಯಿ ಮೂರೂವರೆ ಇಂಚು, ತಳ ಎರಡು ಇಂಚು, ಆಳ ಒಂದೂಕಾಲು ಇಂಚು. ತಳಕ್ಕೂ ಗೋಡೆಗೂ ನಡುವೆ ಮೂಲೆಯೇ ಇಲ್ಲ, ಪೂರ್ತಿ ಗುಂಡು ತಿರುವು. ಅಲ್ಲಿಗೆ ಬಿರುಕು ನಿಂತಿತು. ಅಂಚನ್ನು ಸ್ವಲ್ಪ ಹೊರಗೆ ಬಗ್ಗಿಸಿ ಅಚ್ಚಿನಲ್ಲೇ ಗಟ್ಟಿಯಾಗಿ ಒತ್ತಿದೆ, ಇಲ್ಲದಿದ್ದರೆ ಕತ್ತರಿಸಿದ ಬಾಯಿ ಕಾಫಿ ಹೀರಿ ಮೆತ್ತಗಾಗುತ್ತಿತ್ತು, ಗಲ್ಲದ ಮೇಲೂ ಇಳಿಯುತ್ತಿತ್ತು. ಅಂಚಿಗೆ ಸ್ವಲ್ಪ ಜಾಗ ಬಿಟ್ಟು ತುಂಬಿಸಿದರೆ 80 ಎಂಎಲ್ ಹತ್ತಿರ ಹಿಡಿಯುತ್ತದೆ. ನಮ್ಮ ಹೋಟೆಲ್ ಕಾಫಿ ಅಷ್ಟೇ ಅಲ್ವಾ? ಅರ್ಧ ಲೀಟರಿನ ಬಕೆಟ್ ಕಾಫಿ ಕುಡಿಯುವವರಿಗೆ ನನ್ನ ಹತ್ತಿರ ಉತ್ತರ ಇಲ್ಲ.

ಮಾಲು ಆರಿಸುವುದು ಅಚ್ಚಿಗಿಂತ ದೊಡ್ಡ ಕೆಲಸ. ಮಳೆಗಾಲದಲ್ಲಿ ಬಿದ್ದ ಹಾಳೆಯನ್ನು ನಾನು ಲೋಟಕ್ಕೆ ಮುಟ್ಟುವುದೇ ಇಲ್ಲ. ಒಂದು, ಬೂಸ್ಟು. ಇನ್ನೊಂದು, ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ. 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತು, ಒಂದು ಕೆಜಿ ಸುಣ್ಣ ಹಾಕಿ ಗೊನೆಗೆ ಹೊಡೆದದ್ದು ಹಾಳೆಯ ಮೇಲೂ ಇಳಿಯುತ್ತದೆ. ಒಣ ತಿಂಗಳಲ್ಲಿ ಬಿದ್ದದ್ದನ್ನು ಅದೇ ದಿನ ಹೆಕ್ಕಿ ಬಿಸಿಲಿಗೆ ಹಾಕಬೇಕು. ಒಂದು ರಾತ್ರಿ ಇಬ್ಬನಿಗೆ ಬಿಟ್ಟರೂ ಒಳಮೈಯ ಬಿಳಿ ಹೋಗುತ್ತದೆ. ಹಸುರು ನೀಲಿ ಕಲೆ ಕಂಡರೆ ಪಕ್ಕಕ್ಕೆ. ಆರಿಸುವ ಕೆಲಸ ಅಮ್ಮನದ್ದು, ಅವರ ಕಣ್ಣು ತಪ್ಪಿಸುವುದು ಕಷ್ಟ.

ಒಗರು ವಾಸನೆ ಇನ್ನೊಂದು ತಲೆನೋವು. ಮೊದಲ ಬ್ಯಾಚಿನ ಕಾಫಿ ಕುಡಿದ ಭಾವ, "ಕಾಫಿಯಾ, ಕಷಾಯವಾ?" ಎಂದ. ಒತ್ತುವ ಮೊದಲು ಎರಡು ಸಲ ನೀರು ಬದಲಿಸಿ ನೆನೆಸಿದೆ, ಒತ್ತಿದ ಮೇಲೆ ಎರಡು ದಿನ ಬಿಸಿಲು. ವಾಸನೆ ಕಮ್ಮಿ ಆಯಿತು, ಪೂರ್ತಿ ಹೋಗಲಿಲ್ಲ. ಹಾಲು ಹಾಕಿದ ಕಾಫಿಯಲ್ಲಿ ಗೊತ್ತಾಗುವುದಿಲ್ಲ, ಹಾಲಿಲ್ಲದ ಕಣ್ಣ ಚಾದಲ್ಲಿ ಗೊತ್ತಾಗುತ್ತದೆ.

ಹತ್ತಿರದ ಒಂದು ಹೋಟೆಲಿಗೆ 200 ಲೋಟ ಸುಮ್ನೆ ಕೊಟ್ಟೆ. "ಎಂತ ಮಾರಾಯ್ರೆ ಇದು, ಲೋಟವಾ ದೊನ್ನೆಯಾ?" ಎಂದು ಯಜಮಾನರು ನಕ್ಕರು. ಆದರೆ ಬಂದವರು ಕುಡಿದರು. ಬಸಿಯಲ್ಲಿ ಕಾಫಿ ಹೊಯ್ದುಕೊಂಡು ಕುಡಿಯುವ ಹಿರಿಯರಿಗೆ ಕಷ್ಟವೇ ಆಗಲಿಲ್ಲ, ಬೇಗ ಆರುತ್ತದೆ ಅಂತ ಖುಷಿಪಟ್ಟರು. ಕೈಗೆ ಬಿಸಿ ತಾಗುವುದೂ ಇಲ್ಲ. ಹುಡುಗರು ನಡೆಯುತ್ತಾ ಕುಡಿಯಲು ಹೋಗಿ ಅಂಗಿಗೆ ಚೆಲ್ಲಿಕೊಂಡರು. ಬೆಲೆಯ ಮಾತು ಬಂದಾಗ ನಗು ನಿಂತಿತು. ಪೇಪರ್ ಕಪ್ ಅವರಿಗೆ ಒಂದು ರೂಪಾಯಿಯ ಒಳಗೆ ಬೀಳುತ್ತದೆ. ನನ್ನದು, ಮಾಲು ಪುಕ್ಕಟೆ ಎಂದುಕೊಂಡರೂ, ಕೂಲಿ ಕರೆಂಟು ಸೇರಿ ಒಂದೂಮುಕ್ಕಾಲಿಗಿಂತ ಕೆಳಗೆ ಇಳಿಯಲಿಲ್ಲ.

ಇನ್ನೂ ಸ್ವಲ್ಪ ಇಳಿಸಬಹುದಿತ್ತೇನೋ. ಅಷ್ಟರಲ್ಲಿ 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅಡಿಕೆ ಹಾಳೆಯ ತಟ್ಟೆ ಬಟ್ಟಲುಗಳಿಗೆ ತಡೆ ಹಾಕಿತು. ಅಡಿಕೆಯಲ್ಲಿರುವ ಅರೆಕೋಲಿನ್‌ನಂಥ ವಸ್ತುಗಳು ಹಾಳೆಯಿಂದ ಊಟಕ್ಕೆ ಇಳಿಯಬಹುದು ಎನ್ನುವುದು ಅವರ ಮಾತು. ನಮ್ಮ ಕಡೆ ಎಲ್ಲರೂ ಬೈದರು. ಅಜ್ಜನ ಕಾಲದಿಂದ ಹಾಳೆಯಲ್ಲಿ ಉಂಡಿದ್ದೇವೆ, ಏನಾಗಿದೆ ಅಂತ. ನಾನೂ ಬೈದೆ. ರಾತ್ರಿ ಮಲಗಿದಾಗ ಭಾವನ ಕಷಾಯ ನೆನಪಾಯಿತು. ಒಗರು ಕಾಫಿಗೆ ಇಳಿಯುತ್ತದೆ ಅಂತ ನನ್ನ ನಾಲಿಗೆಗೇ ಗೊತ್ತಿತ್ತಲ್ಲ. ಒಗರು ಇಳಿದ ಮೇಲೆ ಅದರ ಜೊತೆ ಬೇರೆ ಏನೂ ಇಳಿಯುವುದಿಲ್ಲ ಅಂತ ನಾನು ಯಾವ ಬಾಯಲ್ಲಿ ಹೇಳಲಿ? ಒಣ ತಿಂಡಿ ಹತ್ತು ನಿಮಿಷ ತಟ್ಟೆಯಲ್ಲಿ ಕೂರುವುದು ಬೇರೆ, ಕುದಿಯುವ ಕಾಫಿ ನಿಲ್ಲುವುದು ಬೇರೆ. ಪೇಪರ್ ಕಪ್ಪಿನ ಪ್ಲಾಸ್ಟಿಕ್ ಕಣಕ್ಕೆ ಹೆದರಿ ಶುರು ಮಾಡಿದ ಕೆಲಸ ಇದು.

ಹಾಗಾಗಿ ಲ್ಯಾಬಿನಲ್ಲಿ ಬಿಸಿ ನೀರು ಹಾಕಿ ಪರೀಕ್ಷೆ ಮಾಡಿಸುವವರೆಗೆ ಕಾಫಿಗೆ ಅಂತ ಕೊಡುವುದನ್ನು ನಿಲ್ಲಿಸಿದ್ದೇನೆ. ಅಚ್ಚು ಮಾತ್ರ ಖಾಲಿ ಕೂತಿಲ್ಲ, ಅದೇ ಬಟ್ಟಲು ಚರುಮುರಿಗೆ, ಕೋಸಂಬರಿಗೆ ಚೆನ್ನಾಗಿ ಹೋಗುತ್ತಿದೆ. ಮೊನ್ನೆ ಅಣ್ಣನ ಮಗನ ಉಪನಯನಕ್ಕೆ ಅಡುಗೆ ಭಟ್ಟರ ಹತ್ತಿರ 300 ಸ್ಟೀಲ್ ಲೋಟ ಬಾಡಿಗೆಗೆ ತಂದೆವು. ತೊಳೆಯಲು ಇಬ್ಬರು ಬೇಕಾಯಿತು. ಒಬ್ಬ ನಾನು.