ಬಣ್ಣ ಹಚ್ಚಿದ ಸೀಸ, ಏಳು ಈಡಿನ ರಿವಾಲ್ವರ್

ಪೌಡರ್ ಕೋಟ್ ಮಾಡಿದ, ಅಂದರೆ ಬಣ್ಣದ ಪುಡಿ ಹಚ್ಚಿ ಬೇಯಿಸಿದ, ಬರೀ ಸೀಸದ ಗುಂಡನ್ನು ಮ್ಯಾಗ್ನಮ್ ವೇಗದಲ್ಲಿ ಹೊಡೆದರೆ ನಳಿಗೆ ಕೆಟ್ಟುಹೋಗುತ್ತದೆ ಎಂದು ಹೇಳದವರೇ ಇರಲಿಲ್ಲ. ಅದು ಗೇಟಿಗೆ ಹಚ್ಚುವ ಬಣ್ಣ, ಗುಂಡಿಗಲ್ಲ ಎಂದರು. ಈಗ ಹತ್ತಿರ ಹತ್ತಿರ ಆರು ಸಾವಿರ ಈಡು ಆಗಿದೆ, ನಳಿಗೆಯೊಳಗೆ ಬೆಳಕು ಬಿಟ್ಟರೆ ಕನ್ನಡಿ ಹೊಳೆದ ಹಾಗೆ ಹೊಳೆಯುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಕೋವಿ ರೂಗರ್ ಸಿಂಗಲ್ ಸೆವೆನ್. .327 ಫೆಡರಲ್ ಮ್ಯಾಗ್ನಮ್, ಐದೂವರೆ ಇಂಚಿನ ನಳಿಗೆ, ಸ್ಟೇನ್‌ಲೆಸ್. ಅದು ಮಾರುಕಟ್ಟೆಗೆ ಬಂದ ಹೊಸತರಲ್ಲಿ, 2015ರಲ್ಲಿ, ಇಲ್ಲೇ ಫೀನಿಕ್ಸ್‌ನಲ್ಲಿ ತೆಗೆದುಕೊಂಡೆ. ತೆರಿಗೆ ಸೇರಿ ಆರುನೂರು ಡಾಲರಿನ ಆಚೀಚೆ ಆಯಿತು. ಕೊಡಗಿನ ಮನೆಯಲ್ಲಿ ಹುಟ್ಟಿದ ನನಗೆ ಕೋವಿ ಹೊಸದಲ್ಲ. ಆದರೆ ನಮ್ಮಲ್ಲಿ ಕೋವಿ ಎಂದರೆ ಜೋಡುನಳಿಗೆ. ಹ್ಯಾಮರ್ ಎಳೆದೆಳೆದು ಒಂದೊಂದೇ ಈಡು ಹೊಡೆಯುವ ರಿವಾಲ್ವರ್ ನನ್ನದಾದದ್ದು ಅದೇ ಮೊದಲು.

ಕೈಗೆ ತೆಗೆದುಕೊಂಡಾಗ ಮೊದಲು ಮನಸ್ಸಿಗೆ ಬಂದದ್ದು ಅದರ ಗಾತ್ರ. ಹಳೆಯ .22 ಸಿಂಗಲ್ ಸಿಕ್ಸ್‌ನ ಮೈಕಟ್ಟೇ, ಕಿರುಬೆರಳಿಗೂ ಹಿಡಿಯಲ್ಲಿ ಜಾಗ ಸಾಲದು ಅನ್ನಿಸುವಷ್ಟು ಚಿಕ್ಕದು. ಅಷ್ಟು ಸಣ್ಣ ಸಿಲಿಂಡರಿನಲ್ಲಿ ಚದರ ಇಂಚಿಗೆ 45,000 ಪೌಂಡ್ ಒತ್ತಡದ ಏಳು ತೋಟಾ ಹೇಗೆ ಕೂರಿಸಿದರು ಎಂದು ನೋಡುತ್ತ ಕೂತೆ. ಏಳು ಬೆಸ ಸಂಖ್ಯೆ. ಮೇಲೆ ಒಂದು ಕೋಣೆ (ತೋಟಾ ಕೂರುವ ತೂತು) ನಳಿಗೆಗೆ ಎದುರಾಗಿ ನಿಂತಾಗ ನೇರ ಕೆಳಗೆ ಬರುವುದು ಕೋಣೆಯಲ್ಲ, ಎರಡು ಕೋಣೆಗಳ ನಡುವಿನ ಗಟ್ಟಿ ಉಕ್ಕು. ಸಿಲಿಂಡರ್ ತಿರುಗದಂತೆ ಹಿಡಿಯುವ ಬೋಲ್ಟ್ ಕಚ್ಚುವ ಗುಳಿ ಅಲ್ಲೇ ಬೀಳುತ್ತದೆ. ಆರು ಈಡಿನದರಲ್ಲಿ ಆ ಗುಳಿ ಕೋಣೆಯ ಗೋಡೆಯನ್ನೇ ತೆಳ್ಳಗೆ ಮಾಡುತ್ತದೆ. ಬೆರಳ ತುದಿಯಿಂದ ಆ ಗುಳಿಗಳನ್ನು ಸವರಿ ನೋಡಿದ ಮೇಲೆ ನನಗೆ ಈ ಕೋವಿಯ ಮೇಲೆ ಪೂರ್ತಿ ನಂಬಿಕೆ ಬಂತು.

ಸಿಲಿಂಡರಿನ ಹಿಂದಿನ ಪುಟ್ಟ ಗೇಟು ತೆರೆದು ಒಂದೊಂದೇ ತೋಟಾ ತುಂಬುವುದು ಕೈಗೆ ಒಗ್ಗಲು ಒಂದು ವಾರ ಹಿಡಿಯಿತು. ಕ್ಲಿಕ್ ಕೇಳಿಸಿದರೆ ಕೋಣೆ ಆಗಲೇ ದಾಟಿದೆ ಎಂದೇ ಅರ್ಥ. ಕೂದಲೆಳೆ ಮುಂಚೆ ನಿಲ್ಲಿಸಬೇಕು. ಈಗ ಕತ್ತಲಲ್ಲೂ ತುಂಬುತ್ತೇನೆ.

ಬೆನ್ ಅವೆರಿ ಶೂಟಿಂಗ್ ರೇಂಜಿನಲ್ಲಿ ಮೊದಲ ದಿನ ಕಾರ್ಖಾನೆಯ 100 ಗ್ರೇನ್ (ಸುಮಾರು ಆರೂವರೆ ಗ್ರಾಂ) ಗುಂಡಿನ ತೋಟಾ ಹೊಡೆದೆ. ಒದೆತ ಏನೇನೂ ಇಲ್ಲ, ಆದರೆ ಸದ್ದು ಚಾಟಿಯೇಟು. ಪಕ್ಕದ ಬೆಂಚಿನಲ್ಲಿ .44 ಹೊಡೆಯುತ್ತಿದ್ದವನು ತಿರುಗಿ ನೋಡಿದ. ಕಿವಿಯೊಳಗೆ ಒಂದು, ಮೇಲೆ ಒಂದು ರಕ್ಷಣೆ ಇಲ್ಲದೆ ಇದನ್ನು ಯಾರೂ ಹೊಡೆಯಬೇಡಿ. 25 ಗಜಕ್ಕೆ ಏಳು ಈಡು ಎರಡಿಂಚಿನೊಳಗೆ ಬಿದ್ದವು. ಖುಷಿಯಾಯಿತು, ಆದರೆ ಐವತ್ತು ತೋಟಾದ ಡಬ್ಬಕ್ಕೆ ಆಗ ಮೂವತ್ತೆರಡೋ ಮೂವತ್ತಮೂರೋ ಡಾಲರು. ವಾರಕ್ಕೆ ನೂರು ಹೊಡೆಯುವವನ ಗತಿ ಏನು? ಹಾಗಾಗಿ ಸೀಸ ಕರಗಿಸಲು ಕೂತೆ.

ಅಲ್ಲಿಂದ ಒಂದು ವರ್ಷ ಬರೀ ನಷ್ಟ.

ಮೊದಲು 100 ಗ್ರೇನಿನ ಅಚ್ಚು ತಂದು, ಗುಂಡಿಗೆ ನಳಿಗೆಯಲ್ಲಿ ಜಾರಿಸುವ ಮಾಮೂಲಿ ದ್ರವ ಲ್ಯೂಬ್ ಹಚ್ಚಿ ಹೊಡೆದೆ. ಮೊದಲ ಹದಿನಾಲ್ಕು ಈಡು ಚೆನ್ನಾಗಿ ಬಿದ್ದವು. ಮೂವತ್ತಕ್ಕೆ ಬರುವಷ್ಟರಲ್ಲಿ ಗುಂಪು ತಟ್ಟೆಯಷ್ಟು ಅಗಲವಾಯಿತು. ಮನೆಗೆ ಬಂದು ನೋಡಿದರೆ ನಳಿಗೆಯ ಹಿಂಬದಿಯ ಮೊದಲ ಒಂದಿಂಚಿನಲ್ಲಿ ಬೂದು ಬಣ್ಣದ ಸೀಸದ ಚಕ್ಕೆ, ಪಾತ್ರೆಗೆ ತಳ ಹಿಡಿದ ಹಾಲಿನ ಹಾಗೆ. ಬ್ರಷ್ಷಿಗೆ ತಾಮ್ರದ ನಾರು ಸುತ್ತಿ ಉಜ್ಜಲು ಒಂದೂವರೆ ಗಂಟೆ ಹಿಡಿಯಿತು.

ಸೀಸ ಮೆದುವಾಯಿತು ಎಂದುಕೊಂಡು ಗಟ್ಟಿ ಮಿಶ್ರಣ ತರಿಸಿದೆ, ಸಾಗಣೆ ಸೇರಿ ಎಂಬತ್ತು ಡಾಲರು. ಇನ್ನೂ ಹೆಚ್ಚು ಹಿಡಿಯಿತು! ಗುಂಡು ನಳಿಗೆಗಿಂತ ಒಂದು ಕೂದಲು ಸಣ್ಣದಾಗಿದ್ದರೆ ಎಷ್ಟು ಗಟ್ಟಿಯಿದ್ದರೂ ಅನಿಲ ಪಕ್ಕದಿಂದ ನುಗ್ಗುತ್ತದೆ, ನುಗ್ಗುತ್ತ ಸೀಸವನ್ನು ಕೊಯ್ಯುತ್ತದೆ. ಅಳತೆ ಸರಿಯಿಲ್ಲದ ಮೇಲೆ ಗಡಸುತನದಿಂದ ಪ್ರಯೋಜನವಿಲ್ಲ. ಇದು ತಿಳಿಯಲು ನನಗೆ ನಾಲ್ಕು ತಿಂಗಳು ಬೇಕಾಯಿತು.

ಮಧ್ಯೆ ಇನ್ನೊಂದು ಅನಾಹುತ. ಟೈರ್ ಅಂಗಡಿಯಿಂದ ತಂದ, ಚಕ್ರಕ್ಕೆ ಸಿಗಿಸುವ ಸೀಸದ ತೂಕಗಳಲ್ಲಿ ಸತುವಿನವೂ ಸೇರಿದ್ದವು. ಅವಸರಕ್ಕೆ ಬೆಂಕಿ ಜೋರು ಮಾಡಿದ್ದೆ. ಪಾತ್ರೆಯಲ್ಲಿದ್ದ ಸೀಸ ರಾಗಿ ಅಂಬಲಿಯ ಹಾಗೆ ಗಂಟುಗಂಟಾಯಿತು, ಅಚ್ಚಿಗೆ ಇಳಿಯಲೇ ಇಲ್ಲ. ಇಪ್ಪತ್ತು ಪೌಂಡ್ ಹೋಯಿತು. ಈಗ ಒಂದೊಂದನ್ನೂ ಕಟಿಂಗ್ ಪ್ಲೇಯರಿನಲ್ಲಿ ಕಚ್ಚಿ ನೋಡುತ್ತೇನೆ. ಸೀಸವಾದರೆ ಹಲ್ಲು ಇಳಿಯುತ್ತದೆ, ಸತುವಾದರೆ ಜಾರುತ್ತದೆ. ಶಾಖ 700 ಡಿಗ್ರಿ ಫ್ಯಾರನ್‌ಹೀಟ್ ದಾಟಿಸುವುದಿಲ್ಲ, ಏಕೆಂದರೆ ಸತು ಕರಗುವುದು 787ಕ್ಕೆ. ಕಣ್ಣು ತಪ್ಪಿ ಒಂದು ಉಳಿದರೂ ಮೇಲೆ ತೇಲುತ್ತದೆ, ಚಮಚದಲ್ಲಿ ಎತ್ತಿ ಬಿಸಾಡಬಹುದು.

ಗುಂಡಿನ ಬುಡಕ್ಕೆ ತಾಮ್ರದ ಪುಟ್ಟ ಬಟ್ಟಲು, ಅಂದರೆ ಗ್ಯಾಸ್ ಚೆಕ್, ಹಾಕಿಯೂ ನೋಡಿದೆ. ಅದು ಕೆಲಸ ಮಾಡುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ಬೇರೆ ಅಚ್ಚು ಬೇಕು, ಒಂದೊಂದಕ್ಕೂ ಆಗ ಮೂರು ನಾಲ್ಕು ಸೆಂಟ್ ಬೇಕಿತ್ತು, ಒಂದೊಂದನ್ನೂ ಬೆರಳಲ್ಲಿ ಕೂರಿಸಬೇಕು. ಅಲ್ಲಿಗೆ ಅಚ್ಚು, ತೋಟಾ ಕಟ್ಟುವ ಡೈ, ಲೋಹ, ಚೆಕ್ ಎಲ್ಲಾ ಸೇರಿ ಕೋವಿಯ ಬೆಲೆಯ ಮುಕ್ಕಾಲು ಪಾಲು ಖರ್ಚಾಗಿತ್ತು.

ಆಗ ಶುರುಮಾಡಿದ್ದೇ ಪೌಡರ್ ಕೋಟ್. ಪ್ಲಾಸ್ಟಿಕ್ ಡಬ್ಬದಲ್ಲಿ ಏರ್‌ಸಾಫ್ಟ್‌ನ ಕಪ್ಪು ಮಣಿ (ಆಟಿಕೆ ಕೋವಿಯ ಪ್ಲಾಸ್ಟಿಕ್ ಗುಂಡು), ಇನ್ನೂರು ಗುಂಡು, ಎರಡು ಚಮಚ ಕೆಂಪು ಪುಡಿ. ಮುಚ್ಚಳ ಹಾಕಿ ಚುರುಮುರಿ ಕಲೆಸಿದ ಹಾಗೆ ಒಂದು ನಿಮಿಷ ತಿರುಗಿಸುವುದು. ನಂತರ ಹಳೆಯ ಟೋಸ್ಟರ್ ಅವನ್‌ನಲ್ಲಿ 400 ಡಿಗ್ರಿಗೆ ಇಪ್ಪತ್ತು ನಿಮಿಷ. ಆ ಅವನ್ ಗ್ಯಾರೇಜಿನದು, ಊಟದ ಪದಾರ್ಥ ಅದರೊಳಗೆ ಎಂದೂ ಹೋಗುವುದಿಲ್ಲ.

ಮೊದಲ ತಟ್ಟೆ ತುಂಬ ಚೆನ್ನಾಗಿ ಬಂತು, ಮಂಜಾಡಿ ಕಾಳಿನ ಹಾಗೆ ಕೆಂಪಗೆ. ತೋಟಾ ಕಟ್ಟಿದರೆ ಒಂದೂ ಕೋಣೆಗೆ ಇಳಿಯಲಿಲ್ಲ. ಪದರ ಸೇರಿ ವ್ಯಾಸ ಸುಮಾರು ಮೂರು ಥೌ (ಇಂಚಿನ ಸಾವಿರದಲ್ಲಿ ಮೂರು ಪಾಲು) ಬೆಳೆದಿತ್ತು. ಬೇಯಿಸಿದ ಮೇಲೆ ಡೈಯಲ್ಲಿ ಒತ್ತಿ 0.313 ಇಂಚಿಗೆ ಸೈಜ್ ಮಾಡಿದೆ, ಇಳಿದವು. ಮರುವಾರ ನಳಿಗೆಯಲ್ಲಿ ಮತ್ತೆ ಸೀಸ! ತೋಟಾ ಒಡೆದು ಗುಂಡು ಹೊರತೆಗೆದೆ. ಬುಡದ ಒಂದು ಪಕ್ಕದಲ್ಲಿ ಉಗುರಿನ ತುದಿಯಷ್ಟು ಕೆಂಪು ಕಿತ್ತುಹೋಗಿ ಬೆಳ್ಳಿ ಬಣ್ಣ ಕಾಣುತ್ತಿತ್ತು. ತೋಟಾದ ಹಿತ್ತಾಳೆ ಕೇಸಿನ ಬಾಯಿ ಪದರವನ್ನು ಕೆರೆದಿತ್ತು. ಡೈ ಸೆಟ್ಟಿನ ಜೊತೆ ಬರುವ, ಕೇಸಿನ ಬಾಯಿ ಅಗಲಿಸುವ ಎಕ್ಸ್‌ಪ್ಯಾಂಡರ್ ತಾಮ್ರದ ಜಾಕೆಟ್ ಹೊದಿಸಿದ ಗುಂಡಿಗೆ ಮಾಡಿದ್ದು, ಸೀಸಕ್ಕೆ ಬಾಯಿ ಸಾಲದು. ಬದಲಿಗೆ ನಾನು ಹಾಕಿರುವ ಪ್ಲಗ್ ಯಾವ ಕ್ಯಾಲಿಬರಿನದು ಎನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ಅದಕ್ಕಾಗಿ ಎರಡು ತಿಂಗಳು ಹುಡುಕಿದ್ದೇನೆ. ಕೇಸಿನ ಬಾಯಿಗೆ ಗುಂಡಿನ ಬುಡ ಕೈಯಿಂದಲೇ ನೇರವಾಗಿ ಕೂರಬೇಕು ಎಂದಷ್ಟು ಹೇಳಬಲ್ಲೆ.

ಬೆಂದಿದೆಯೋ ಇಲ್ಲವೋ ನೋಡಲು ಪ್ರತಿ ತಟ್ಟೆಯಿಂದ ಒಂದು ಗುಂಡು ತೆಗೆದು ಸುತ್ತಿಗೆಯಲ್ಲಿ ಚಪ್ಪಟೆ ಮಾಡುತ್ತೇನೆ. ಸೀಸ ದೋಸೆಯಾದರೂ ಬಣ್ಣ ಚಕ್ಕೆ ಏಳಬಾರದು. ಎದ್ದರೆ ಆ ತಟ್ಟೆಯೆಲ್ಲ ಮತ್ತೆ ಅವನ್‌ಗೆ.

ಇನ್ನೊಂದು ಶತ್ರು ಹವೆ. ಅರಿಜೋನಾದ ಒಣ ಗಾಳಿಯಲ್ಲಿ ಪುಡಿ ಗುಂಡಿಗೆ ಅಂಟಿಕೊಂಡೇ ಇರುತ್ತದೆ. ಜುಲೈ ಆಗಸ್ಟಿನಲ್ಲಿ ಇಲ್ಲೂ ಮಳೆಗಾಲ, ಆಗ ಎಷ್ಟು ತಿರುಗಿಸಿದರೂ ಗುಂಡಿನ ಮೈ ಬೋಳು ಬೋಳು. ಆ ಎರಡು ತಿಂಗಳು ಅಚ್ಚಿನ ಕೆಲಸ ಮಾತ್ರ.

ಕೊನೆಗೆ ಸಿಕ್ಕ ಫಲ: ವೇಗ ಅಳೆಯುವ ಕ್ರೋನೋಗ್ರಾಫಿನಲ್ಲಿ ಸೆಕೆಂಡಿಗೆ 1,300 ಅಡಿಯ ಮೇಲೆ, 25 ಗಜಕ್ಕೆ ಏಳು ಈಡು ಒಂದೂಮುಕ್ಕಾಲು ಇಂಚು, ಇನ್ನೂರು ಈಡಿನ ಮೇಲೆ ಎರಡು ಬಟ್ಟೆ ತೂರಿಸಿದರೆ ನಳಿಗೆ ಸ್ವಚ್ಛ. ಕೇಸನ್ನು ಮತ್ತೆ ಮತ್ತೆ ಬಳಸುವುದರಿಂದ ಒಂದು ಈಡಿಗೆ ಆಗ ಎಂಟೊಂಬತ್ತು ಸೆಂಟ್ ಬೀಳುತ್ತಿತ್ತು. ಗೇಟಿನ ಬಣ್ಣ ಎಂದವರಲ್ಲಿ ಒಬ್ಬರು ನನ್ನ ಬೆಂಚಿಗೆ ಬಂದು ಬೋರ್ ಲೈಟ್ ಹಾಕಿ ತುಂಬ ಹೊತ್ತು ನೋಡಿದರು. ಮದ್ದಿನ ತೂಕ ಕೇಳಿದರು, ಹೇಳಲಿಲ್ಲ. ನಿಮಗೂ ಹೇಳುವುದಿಲ್ಲ. ಅದು ನನ್ನ ಕೋವಿಯದು. ನೀವು ಕೈಪಿಡಿಯ ಕೆಳಗಿನ ಅಂಕಿಯಿಂದ ಶುರುಮಾಡಿ.

ಈ ಕೋವಿಯ ದೊಡ್ಡ ಗುಣ ಬೇರೆಯೇ ಇದೆ. 1984ರ .32 ಎಚ್ ಆಂಡ್ ಆರ್ ಮ್ಯಾಗ್ನಮ್ ಕೂಡ, ಅದಕ್ಕೂ ಹಳೆಯ .32 ಸ್ಮಿತ್ ಆಂಡ್ ವೆಸನ್ ಲಾಂಗ್ ಕೂಡ ಇದೇ ಕೋಣೆಗೆ ಹೋಗುತ್ತವೆ. ಈ .32 ಲಾಂಗ್ ಎಂದರೆ ನಮ್ಮ ದೇಶದಲ್ಲಿ ಆರ್ಡ್‌ನೆನ್ಸ್ ಕಾರ್ಖಾನೆಯ .32 ರಿವಾಲ್ವರಿಗೆ ಹಾಕುವ ತೋಟಾವೇ. ದೊಡ್ಡಪ್ಪನ ಬಳಿ ಆ ರಿವಾಲ್ವರ್ ಇತ್ತು, ಅವರು ಅದನ್ನು ಹೊಡೆದದ್ದನ್ನು ನಾನು ಎರಡೇ ಸಲ ನೋಡಿದ್ದೇನೆ. ಅದೇ ತೋಟಾವನ್ನು ಇಲ್ಲಿ ಇನ್ನೂರು ಕಟ್ಟಿ ಹೊಡೆದೆ. ಮ್ಯಾಗ್ನಮ್ ಆದ ಮೇಲೆ ಇದು ಒಣಕಡ್ಡಿ ಮುರಿದಷ್ಟೇ ಸದ್ದು. ವೇಗ ಕಡಿಮೆಯಾದ್ದರಿಂದ ಗುಂಡು ನಳಿಗೆಯೊಳಗೆ ಹೆಚ್ಚು ಹೊತ್ತು ಇರುತ್ತದೆ, ಅಷ್ಟರಲ್ಲಿ ಮೂತಿ ಏಳುತ್ತದೆ, ಹಾಗಾಗಿ ಈಡು ಎರಡಿಂಚು ಮೇಲೆ ಬೀಳುತ್ತದೆ. ಗುರಿ ಹಿಡಿಯುವ ಹಿಂದಿನ ಸೈಟಿನಲ್ಲಿ ಅದಕ್ಕೆ ನನ್ನ ಗುರುತು ಇದೆ. ಒಂದು ಎಚ್ಚರಿಕೆ: ಗಿಡ್ಡ ಕೇಸು ಹೊಡೆದ ಮೇಲೆ ಕೋಣೆಯೊಳಗೆ ಮಸಿಯ ಉಂಗುರ ಕಟ್ಟುತ್ತದೆ. ಅದನ್ನು ಬ್ರಷ್ ಹಾಕಿ ತೆಗೆಯದೆ ಉದ್ದ ತೋಟಾವನ್ನು ಹೆಬ್ಬೆರಳಲ್ಲಿ ಒತ್ತಿ ತುಂಬಬೇಡಿ.

ನೀರಿನ ಕ್ಯಾನ್ ಸಾಲಾಗಿ ಇಟ್ಟೂ ಹೊಡೆದೆ. ನಾಲ್ಕನ್ನೂ ತೂರಿಕೊಂಡು ಹೋಯಿತು, ಗುಂಡು ಅರಳಲೇ ಇಲ್ಲ. ಇಲ್ಲಿನ ಹಾವೆಲಿನಾ (ಹಂದಿಯಂಥ ಕಾಡುಪ್ರಾಣಿ) ಬೇಟೆಗೆ ಚಪ್ಪಟೆ ಮೂತಿಯ ಅಚ್ಚು ಬೇಕಾಗಬಹುದು, ಅದು ಇನ್ನೂ ಬಾಕಿ ಇದೆ.

ಕೊಡಗಿನ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದಿನ ದಿನ ಈ ಕೋವಿಯನ್ನೂ ದೀಪದ ಮುಂದೆ ಇಡುತ್ತೇನೆ. ನಳಿಗೆಗೆ ಸಿಗಿಸುವ ತೋಕ್ ಪೂ (ಕೋವಿ ಹೂ) ಇಲ್ಲಿ ಸಿಗುವುದಿಲ್ಲ, ಹಿತ್ತಲಿನ ಚೆಂಡುಹೂ ನಳಿಗೆಗೆ ಸಿಗಿಸುತ್ತೇವೆ. ಹಬ್ಬ ಮುಗಿಯುವ ಹೊತ್ತಿಗೆ ಇಲ್ಲಿನ ಮಳೆಯೂ ಮುಗಿಯುತ್ತ ಬಂದಿರುತ್ತದೆ, ಆ ವಾರವೇ ಪುಡಿಯ ಡಬ್ಬ ಹೊರಗೆ ಬರುತ್ತದೆ.