ಮನೆಯ ರೆಕಾರ್ಡಿಂಗ್: ಯಾವ ತಂತಿಯನ್ನು ಎಲ್ಲಿ ಚುಚ್ಚಬೇಕು?

ಸಂಗೀತದ ರಿಯಾಜನ್ನು, ಅಂದರೆ ಅಭ್ಯಾಸವನ್ನು, ಮನೆಯಲ್ಲೇ ಧ್ವನಿಮುದ್ರಿಸಿಕೊಳ್ಳಬೇಕೆಂದು ಧಾರವಾಡದಿಂದ ಹುಬ್ಬಳ್ಳಿಗೆ ಬಸ್ಸು ಹತ್ತಿ ಸಾಮಾನು ಕೊಳ್ಳಲು ಹೋಗುವವರು ಅಂಗಡಿಯಲ್ಲಿ ಮೊದಲು ಕೇಳುವುದು, ‘ಡಿಜಿಟಲ್ ಒಳ್ಳೆಯದೋ, ಅನಲಾಗ್ ಒಳ್ಳೆಯದೋ’ ಎಂದು. ಪ್ರಶ್ನೆಯನ್ನು ಹೀಗೆ ಕೇಳಿದರೆ ಸರಿಯಾದ ಉತ್ತರ ಸಿಗುವುದಿಲ್ಲ. ಕಂಠದಿಂದ ಹೊರಟ ದನಿಯನ್ನು ಮೈಕು ಕೆಲವೇ ಮಿಲಿವೋಲ್ಟ್‌ಗಳ ವಿದ್ಯುತ್ತಾಗಿಸುತ್ತದೆ. ಅಲ್ಲಿಯವರೆಗೆ ಅದು ಅನಲಾಗೇ. ಕಂಪ್ಯೂಟರಿಗೆ ಸೇರುವ ಮೊದಲು ಅದು ಅಂಕಿಗಳಾಗಬೇಕು, ಕೇಳುವಾಗ ಮತ್ತೆ ವಿದ್ಯುತ್ತಾಗಿ ಹೆಡ್‌ಫೋನಿಗೆ ಬರಬೇಕು. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ, ಇಷ್ಟು ಪರಿವರ್ತನೆ ಸಾಕು. ಇದಕ್ಕಿಂತ ಹೆಚ್ಚು ಆಗದಂತೆ ನೋಡಿಕೊಂಡರೆ ತಂತಿಯ ಆಯ್ಕೆ ತಾನಾಗಿಯೇ ತಿಳಿಯಾಗುತ್ತದೆ.

ಆದ್ದರಿಂದ ಮೊದಲು ಒಂದು ಹಾಳೆಯ ಮೇಲೆ ದನಿ ಸಾಗುವ ದಾರಿಯನ್ನು ಬರೆದುಕೊಳ್ಳಿ. ಮೈಕು, ದನಿಯನ್ನು ಅಂಕಿಗಳಾಗಿಸಿ ಕಂಪ್ಯೂಟರಿಗೆ ಕೊಡುವ ಇಂಟರ್‌ಫೇಸ್ ಪೆಟ್ಟಿಗೆ, ಕಂಪ್ಯೂಟರು, ಹೆಡ್‌ಫೋನು ಅಥವಾ ಸ್ಪೀಕರು, ಶ್ರುತಿಗೆ ಇಟ್ಟುಕೊಂಡ ಎಲೆಕ್ಟ್ರಾನಿಕ್ ತಂಬೂರಿ, ಹೀಗೆ ಒಂದೊಂದನ್ನೂ ಗೆರೆ ಎಳೆದು ಜೋಡಿಸಿ, ಪ್ರತಿ ಗೆರೆಯ ಮೇಲೆ ಅದು ಅನಲಾಗೋ ಡಿಜಿಟಲ್ಲೋ ಎಂದು ಗುರುತು ಹಾಕಿ. ಹಣ ಖರ್ಚು ಮಾಡುವ ಮುನ್ನ ಮಾಡಬೇಕಾದ ಈ ಹತ್ತು ನಿಮಿಷದ ಕೆಲಸವನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ.

ಎರಡನೆಯದಾಗಿ, ಏಕಕಾಲಕ್ಕೆ ಎಷ್ಟು ಮೈಕು ಬೇಕೆಂಬುದನ್ನು ನಿರ್ಧರಿಸಿ. ಒಬ್ಬರೇ ಹಾಡುವುದಾದರೆ ಯುಎಸ್‌ಬಿ ಮೈಕು ಸಾಕು. ಪರಿವರ್ತನೆ ಮೈಕಿನ ಹೊಟ್ಟೆಯಲ್ಲೇ ಆಗುತ್ತದೆ. ಆದರೆ ನಾಳೆ ತಬಲಾಕ್ಕೂ ಒಂದು ಬೇಕೆನಿಸಿ ಇನ್ನೊಂದು ಯುಎಸ್‌ಬಿ ಮೈಕು ತಂದರೆ ತೊಂದರೆ ಶುರುವಾಗುತ್ತದೆ, ಏಕೆಂದರೆ ದನಿಯನ್ನು ಅಂಕಿಗಳಾಗಿಸುವ ವೇಗವನ್ನು ನಿರ್ಧರಿಸುವ ಎರಡರೊಳಗಿನ ಗಡಿಯಾರಗಳು ಬೇರೆ ಬೇರೆಯಾಗಿ ಓಡುತ್ತವೆ. ಮುಂದೆ ಸಾಥಿಗಳು ಬರುವ ಸಂಭವವಿದ್ದರೆ ಈಗಲೇ ಎರಡು ಮೈಕಿನ ಇಂಟರ್‌ಫೇಸ್ ಕೊಳ್ಳುವುದು ಜಾಣತನ.

ಮೈಕಿನಿಂದ ಇಂಟರ್‌ಫೇಸಿಗೆ ಬರುವ ತಂತಿಯ ವಿಷಯದಲ್ಲಿ ಜಿಪುಣತನ ಬೇಡ. ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ತಂತಿಯೊಳಗೆ ಒಂದೇ ದನಿ ಎರಡು ಎಳೆಗಳಲ್ಲಿ, ಒಂದರಲ್ಲಿ ನೇರವಾಗಿ, ಇನ್ನೊಂದರಲ್ಲಿ ತಲೆಕೆಳಗಾಗಿ ಸಾಗುತ್ತದೆ. ದಾರಿಯಲ್ಲಿ ಹೊಕ್ಕ ಗದ್ದಲ ಎರಡೂ ಎಳೆಗಳಲ್ಲಿ ಒಂದೇ ರೀತಿ ಇರುವುದರಿಂದ, ಪೆಟ್ಟಿಗೆಯು ಎರಡರ ವ್ಯತ್ಯಾಸವನ್ನು ಮಾತ್ರ ತೆಗೆದುಕೊಂಡಾಗ ಗದ್ದಲ ಕಳೆದುಹೋಗುತ್ತದೆ. ಇದನ್ನೇ ಬ್ಯಾಲೆನ್ಸ್ಡ್ ಜೋಡಣೆ ಎನ್ನುವುದು. ಕಂಡೆನ್ಸರ್ ಮೈಕಿಗೆ ಬೇಕಾದ 48 ವೋಲ್ಟ್ ಕೂಡ ಇದೇ ತಂತಿಯಲ್ಲಿ ಹೋಗುತ್ತದೆ.

ಎಲೆಕ್ಟ್ರಾನಿಕ್ ತಂಬೂರಿಯಿಂದ ಬರುವುದು ಮಾತ್ರ ಸಾಮಾನ್ಯವಾಗಿ ಒಂದೇ ಎಳೆಯ ಅನ್‌ಬ್ಯಾಲೆನ್ಸ್ಡ್ ತಂತಿ, ಮತ್ತು ನಾನು ಪೆಟ್ಟು ತಿಂದದ್ದು ಅಲ್ಲಿಯೇ. ಧಾರವಾಡದ ಮಾಳಮಡ್ಡಿಯ ಒಂದು ಹಳೆಯ ಹೆಂಚಿನ ಮನೆಯಲ್ಲಿ ಹಾರ್ಮೋನಿಯಂ ಲೆಕ್ಕದ ಬಿಳಿ ಒಂದರ ಷಡ್ಜಕ್ಕೆ ಶ್ರುತಿ ಇಟ್ಟು ಅರ್ಧ ಗಂಟೆ ಮುದ್ರಿಸಿದ ಮೇಲೆ ಕೇಳಿದರೆ, ಮಂದ್ರ ಪಂಚಮ ಸೆಕೆಂಡಿಗೆ ಎರಡು ಬಾರಿ ತೂಗುತ್ತಿತ್ತು. ತಂಬೂರಿ ಕೆಟ್ಟಿದೆ ಎಂದೇ ಭಾವಿಸಿದ್ದೆ. ಆ ಪಂಚಮದ ಕಂಪನ ಸುಮಾರು 98 ಹರ್ಟ್ಸ್. ನಮ್ಮ ಮನೆಗಳಿಗೆ ಬರುವ 50 ಹರ್ಟ್ಸ್ ಕರೆಂಟಿನ ಗುಂಯ್‌ಕಾರ ಅದರ ಇಮ್ಮಡಿಯಾದ 100ರಲ್ಲೂ ಕೇಳುತ್ತದೆ. ಎರಡೂ ಒಂದಕ್ಕೊಂದು ತಾಗಿ ತೂಗಾಟ ಹುಟ್ಟಿತ್ತು. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೆ ನಡೆಸಿದೊಡನೆ ಪಂಚಮ ನೆಟ್ಟಗೆ ನಿಂತಿತು. ಗೋಡೆಯ ಪಾಯಿಂಟಿನಲ್ಲಿ ಮೂರು ತೂತುಗಳಿದ್ದರೂ ಅರ್ಥಿಂಗ್ ತಂತಿಯನ್ನೇ ಜೋಡಿಸಿರಲಿಲ್ಲ. ಲ್ಯಾಪ್‌ಟಾಪಿನ ಲೋಹದ ಮೈ ಮುಟ್ಟಿದರೆ ಬೆರಳು ಜುಮ್ಮೆನ್ನುತ್ತಿದ್ದುದನ್ನು ಮೊದಲೇ ಗಮನಿಸಬೇಕಿತ್ತು.

ಇಂಥ ಗುಂಯ್‌ಕಾರಕ್ಕೆ ಪ್ಲಗ್ಗಿನ ಅರ್ಥ್ ಪಿನ್ನು ಮುರಿಯುವ ಉಪಾಯವನ್ನು ಕೆಲವರು ಹೇಳುತ್ತಾರೆ. ಅದು ಜೀವಕ್ಕೇ ಅಪಾಯ, ಖಂಡಿತ ಮಾಡಬೇಡಿ. ಎಲೆಕ್ಟ್ರಿಷಿಯನ್ನರನ್ನು ಕರೆಸಿ ಅರ್ಥಿಂಗ್ ಸರಿಪಡಿಸಿ, ಎಲ್ಲ ಸಾಧನಗಳಿಗೂ ಒಂದೇ ಪಾಯಿಂಟಿನಿಂದ ಕರೆಂಟು ಕೊಡಿ, ತಂಬೂರಿಯ ತಂತಿಯನ್ನು ಎರಡು ಮೀಟರಿಗಿಂತ ಉದ್ದ ಮಾಡಬೇಡಿ ಮತ್ತು ಅದನ್ನು ಮೈಕಿಗಿಂತ ಬಲವಾದ ದನಿಗಾಗಿ ಇರುವ ಲೈನ್ ಇನ್‌ಪುಟ್ಟಿಗೇ ಚುಚ್ಚಿ. ಇಷ್ಟಾದರೂ ಹೋಗದಿದ್ದರೆ ಅನ್‌ಬ್ಯಾಲೆನ್ಸ್ಡ್ ದನಿಯನ್ನು ಬ್ಯಾಲೆನ್ಸ್ಡ್ ಆಗಿಸುವ, ಒಳಗೆ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಪೆಟ್ಟಿಗೆಯೊಂದನ್ನು ನಡುವೆ ಹಾಕಿ, ಅದರಿಂದ ಹೊರಡುವ ಎಕ್ಸ್‌ಎಲ್‌ಆರ್ ತಂತಿಯನ್ನು ಮೈಕಿನ ಇನ್‌ಪುಟ್ಟಿಗೆ ಕೊಡಬೇಕಾಗುತ್ತದೆ.

ಇನ್ನು ಡಿಜಿಟಲ್ ತಂತಿಗಳು. ದನಿ ಒಮ್ಮೆ ಅಂಕಿಗಳಾದ ಮೇಲೆ ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ಹೋಗಬೇಕಿದ್ದರೆ ಅಂಕಿಗಳಾಗಿಯೇ ಹೋಗಲಿ. ಭಜನಾ ಮಂಡಳಿಯನ್ನು ಮುದ್ರಿಸಲು ಎಂಟು ಮೈಕಿನ ಹೆಚ್ಚುವರಿ ಪೆಟ್ಟಿಗೆ ತಂದವರು ಆಪ್ಟಿಕಲ್ ತಂತಿಯ ಆಡಾಟ್ ಜೋಡಣೆಯನ್ನು ಬಳಸಬಹುದು. 48 ಕಿಲೋಹರ್ಟ್ಸ್‌ನಲ್ಲಿ, ಅಂದರೆ ದನಿಯನ್ನು ಸೆಕೆಂಡಿಗೆ 48,000 ಬಾರಿ ಅಳೆಯುವಾಗ, ಎಂಟೂ ದನಿಗಳು ಆ ಒಂದೇ ತಂತಿಯಲ್ಲಿ ಬರುತ್ತವೆ. ತುದಿಯ ಪ್ಲಾಸ್ಟಿಕ್ ಟೊಪ್ಪಿಗೆ ತೆಗೆಯಲು ಮರೆಯಬೇಡಿ, ತಂತಿಯನ್ನು ಮಡಚಬೇಡಿ. ಅದರಲ್ಲಿ ಹೋಗುವುದು ಬೆಳಕಾದ್ದರಿಂದ ಮೇಲೆ ಹೇಳಿದ ಗುಂಯ್‌ಕಾರ ಈ ದಾರಿಯಿಂದ ಬರುವುದಿಲ್ಲ. ಎರಡೇ ದನಿಗಳನ್ನು ಒಯ್ಯುವ ಎಸ್‌ಪಿಡಿಐಎಫ್ ಜೋಡಣೆಗೂ ಹಲವು ಪೆಟ್ಟಿಗೆಗಳಲ್ಲಿ ಇದೇ ಆಪ್ಟಿಕಲ್ ತೂತು ಇರುತ್ತದೆ, ಆದರೆ ಭಾಷೆ ಬೇರೆ. ಯಾವುದೆಂದು ಸೆಟ್ಟಿಂಗ್‌ನಲ್ಲಿ ಆರಿಸಬೇಕು. ತಾಮ್ರದ ಎಸ್‌ಪಿಡಿಐಎಫ್ ತಂತಿ 75 ಓಮ್‌ನದಾಗಿರಬೇಕು. ಹಳೆಯ ಡಿವಿಡಿ ಪ್ಲೇಯರಿನ ಹಳದಿ ತುದಿಯ ವಿಡಿಯೊ ತಂತಿ ಮನೆಯಲ್ಲಿ ಬಿದ್ದಿದ್ದರೆ ಅದೇ ನಡೆಯುತ್ತದೆ.

ಡಿಜಿಟಲ್ ಜೋಡಣೆಯಲ್ಲಿ ಒಂದು ಪೆಟ್ಟಿಗೆಯ ಗಡಿಯಾರವೇ ಯಜಮಾನ, ಉಳಿದವು ಅದನ್ನು ಅನುಸರಿಸಬೇಕು. ಇದನ್ನು ಹೊಂದಿಸದಿದ್ದರೆ ಮುದ್ರಣದ ನಡುವೆ ಚಟ್ ಚಟ್ ಎಂಬ ಸದ್ದು ಸೇರುತ್ತದೆ. ಹೀಗೆ ಸೆಕೆಂಡಿಗೆ ಎಷ್ಟು ಬಾರಿ ಅಳೆಯಬೇಕೆಂಬ ಸ್ಯಾಂಪ್ಲಿಂಗ್ ದರವೂ ಎಲ್ಲೆಡೆ ಒಂದೇ ಇರಲಿ: 44,100ರಲ್ಲಿ ಮುದ್ರಿಸಿದ್ದನ್ನು 48,000 ಎಂದು ಓದಿಸಿದರೆ ಕಪ್ಪು ಒಂದರಲ್ಲಿ ಹಾಡಿದವರ ಷಡ್ಜ ಬಿಳಿ ಎರಡಕ್ಕೂ ಕಪ್ಪು ಎರಡಕ್ಕೂ ನಡುವೆ ಎಲ್ಲೋ ಹೋಗಿ ನಿಲ್ಲುತ್ತದೆ.

ಗುರುಗಳ ಪಾಠದ ಹಳೆಯ ಕ್ಯಾಸೆಟ್ಟುಗಳನ್ನು ಇಳಿಸಿಕೊಳ್ಳುವವರಿಗೆ ಈ ಗೊಂದಲವಿಲ್ಲ. ಡೆಕ್ಕಿನ ಲೈನ್ ಔಟ್‌ನಿಂದ ಇಂಟರ್‌ಫೇಸಿನ ಲೈನ್ ಇನ್‌ಗೆ ಅನಲಾಗ್ ತಂತಿ, ಅಷ್ಟೇ.

ಕೇಳುವ ಕಡೆ ಬ್ಲೂಟೂತ್ ಹೆಡ್‌ಫೋನು ಬೇಡ. ದನಿ ತಡವಾಗಿ ಬಂದು ಲಯ ತಪ್ಪಿಸುತ್ತದೆ. ತಂತಿಯ ಹೆಡ್‌ಫೋನನ್ನು ಇಂಟರ್‌ಫೇಸಿಗೇ ಚುಚ್ಚಿಕೊಳ್ಳಿ.

ಎಲ್ಲ ಜೋಡಿಸಿದ ಮೇಲೆ 24 ಬಿಟ್, 48 ಕಿಲೋಹರ್ಟ್ಸ್‌ಗೆ ಹೊಂದಿಸಿ, ತಾರಸ್ಥಾಯಿಯಲ್ಲಿ ಗಟ್ಟಿಯಾಗಿ ಹಾಡಿದಾಗಲೂ ಮಾಪಕ ಮೈನಸ್ 12 ಡೆಸಿಬೆಲ್‌ನ ಆಸುಪಾಸು ನಿಲ್ಲುವಂತೆ ದನಿಯನ್ನು ಹಿಗ್ಗಿಸುವ ಗೇನ್ ತಿರುಪನ್ನು ಇಡಿ. ಬಳಿಕ ಯಾರೂ ಮಾತನಾಡದೆ ಒಂದು ನಿಮಿಷ ಮುದ್ರಿಸಿ, ದನಿ ಏರಿಸಿ ಕೇಳಿ. ಗುಂಯ್ ಎಂದರೆ ಅನಲಾಗ್ ತಂತಿಗಳನ್ನು ಒಂದೊಂದಾಗಿ ಕಿತ್ತು ನೋಡಿ. ಚಟ್ ಎಂದರೆ ಗಡಿಯಾರದ ಸೆಟ್ಟಿಂಗ್ ನೋಡಿ. ಫ್ಯಾನಿನ ಸದ್ದೊಂದೇ ಕೇಳಿಸಿದರೆ ಅದನ್ನು ಆರಿಸಿ ಹಾಡಲು ಕುಳಿತುಕೊಳ್ಳಿ.